ಹಳೆಯ ಕಾರಿನ ಕರೆಂಟು ದೋಷ, ಎಚ್ಚರಿಕೆ ದೀಪಗಳು: ಬಿಡಿಭಾಗ ಕೊಳ್ಳುವ ಮುನ್ನ ಅಳೆದು ನೋಡುವ ಕ್ರಮ

ನನ್ನ ಹಳೆಯ ಕಾರಿನಲ್ಲಿ ರಾತ್ರಿ ಹೆಡ್‌ಲೈಟ್ ಹಾಕಿದರೆ ಸಾಕು, ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಮುಳ್ಳೂ ಅಲ್ಲಾಡುತ್ತಿತ್ತು. ಹಗಲು ಎಲ್ಲವೂ ಸರಿ. ಥರ್ಮೋಸ್ಟಾಟ್ ಬದಲಿಸಿದೆ, ಸೆನ್ಸರ್ ಬದಲಿಸಿದೆ, ರೇಡಿಯೇಟರ್ ತೊಳೆಸಿದೆ. ಬೆಳಗ್ಗೆ ಸೆಲ್ಫ್ (ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟರ್) ಸ್ವಲ್ಪ ಭಾರವಾಗಿ ತಿರುಗುತ್ತಿದ್ದುದನ್ನು ಮಾತ್ರ ಬ್ಯಾಟರಿಗೆ ವಯಸ್ಸಾಯಿತೆಂದು ಬದಿಗಿಟ್ಟಿದ್ದೆ. ಮೂರು ತಿಂಗಳಾದ ಮೇಲೆ, ಎಂಜಿನ್ನಿಗೂ ಬಾಡಿಗೂ ನಡುವಿನ ಹೆಣೆದ ತಾಮ್ರದ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಅದರಡಿ ಹಸಿರು ಕಿಲುಬು ದಪ್ಪಗೆ ಕೂತಿತ್ತು. ಉಜ್ಜಿ ಬಿಗಿ ಮಾಡಲು ಹಿಡಿದದ್ದು ಹದಿನೈದು ನಿಮಿಷ. ಮುಳ್ಳು ನೆಟ್ಟಗಾಯಿತು, ಸೆಲ್ಫ್ ಕೂಡ ಹಗುರವಾಯಿತು.

ನಡೆದದ್ದು ಇಷ್ಟು. ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್‌ನಿಂದ ಹೊರಟ ಕರೆಂಟು ದೀಪ ಉರಿಸಿ, ಬಾಡಿಯ ತಗಡಿನ ಮೂಲಕ ಮತ್ತೆ ಎಂಜಿನ್ನಿಗೇ ಮರಳಬೇಕು. ಮರಳುವ ದಾರಿಗೆ ಕಿಲುಬು ಅಡ್ಡ ಬಂದಾಗ ಎಂಜಿನ್ ಮತ್ತು ಬಾಡಿಯ ನಡುವೆ ವೋಲ್ಟೇಜ್ ವ್ಯತ್ಯಾಸ ಹುಟ್ಟಿತು. ಎಂಜಿನ್ನಿನ ಮೈಗೇ ಕೂರಿಸಿದ ಸೆನ್ಸರ್‌ನ ಮುಳ್ಳು ಆ ವ್ಯತ್ಯಾಸವನ್ನೂ ಸೇರಿಸಿಕೊಂಡು ಬಿಸಿ ಎಂದು ತೋರಿಸಿತು. ಹೊಸ ಸೆನ್ಸರ್ ಹಾಕಿದರೂ ಅಷ್ಟೇ, ಹಳೆಯದಾದರೂ ಅಷ್ಟೇ.

ಹಳೆಯ ಕಾರಿನ ಕರೆಂಟು ದೋಷಗಳಲ್ಲಿ ಹೆಚ್ಚಿನವು ಬಿಡಿಭಾಗ ಕೆಟ್ಟು ಬಂದವಲ್ಲ, ಕರೆಂಟು ಹೋಗಿ ಬರುವ ದಾರಿ ಕೆಟ್ಟು ಬಂದವು. ಜೋಡಣೆ ಸಡಿಲವಾಗಿರುತ್ತದೆ, ಕನೆಕ್ಟರ್‌ನಲ್ಲಿ ಕಿಲುಬಿರುತ್ತದೆ, ಅರ್ಥಿಂಗ್ (ಕರೆಂಟು ಬಾಡಿಯ ಮೂಲಕ ಮರಳುವ ಜೋಡಣೆ) ಬೋಲ್ಟಿನಡಿ ತುಕ್ಕು ಇರುತ್ತದೆ. ಅದಕ್ಕೇ ಈ ಬರಹದುದ್ದಕ್ಕೂ ಒಂದೇ ಒತ್ತಾಯ: ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ.

ಕೈಗೆ ಬೇಕಾದದ್ದು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, 12 ವೋಲ್ಟಿನ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್, ನಡುವೆ ಫ್ಯೂಸ್ ಕೂರಿಸಿದ ಒಂದು ಜಂಪರ್ ವೈರ್, ಎಮರಿ ಪೇಪರ್, ವೈರ್ ಬ್ರಶ್, ಕಾಂಟ್ಯಾಕ್ಟ್ ಕ್ಲೀನರ್. ಇವೆಲ್ಲಕ್ಕಿಂತ ಬೆಲೆಬಾಳುವುದು ನಿಮ್ಮ ಮಾದರಿಯ ವೈರಿಂಗ್ ನಕ್ಷೆ. ಯಾವ ಫ್ಯೂಸಿನಿಂದ ಏನೇನು ಕವಲೊಡೆಯುತ್ತದೆ, ಯಾವ ಅರ್ಥಿಂಗ್ ಬೋಲ್ಟನ್ನು ಯಾರು ಯಾರು ಹಂಚಿಕೊಂಡಿದ್ದಾರೆ ಎಂದು ಅದು ಹೇಳುತ್ತದೆ. ಮೂರು ಬೇರೆ ಬೇರೆ ವಸ್ತುಗಳು ಒಟ್ಟಿಗೇ ಕೆಟ್ಟರೆ, ಆ ಮೂರೂ ಸೇರುವ ಜಾಗವೇ ಕೆಟ್ಟಿದೆ ಎಂದು ತಿಳಿಯಿರಿ.

ಮಲ್ಟಿಮೀಟರ್ ಜೊತೆ ಟೆಸ್ಟ್ ಲ್ಯಾಂಪ್ ಏಕೆಂದರೆ, ಮೀಟರ್ ತೀರಾ ಕಡಿಮೆ ಕರೆಂಟು ಎಳೆಯುತ್ತದೆ. ಒಂದೇ ಎಳೆ ಉಳಿದ ವೈರಿನಲ್ಲೂ ಅದು 12 ವೋಲ್ಟ್ ತೋರಿಸುತ್ತದೆ. ಬಲ್ಬ್ ನಿಜವಾದ ಕರೆಂಟು ಕೇಳುವುದರಿಂದ ಮೋಸ ಬಯಲಾಗುತ್ತದೆ. ಆದರೆ ಎಂಜಿನ್ ಕಂಪ್ಯೂಟರಿನ ವೈರುಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಮುಟ್ಟಿಸಬೇಡಿ, ಅಲ್ಲಿ ಮೀಟರ್ ಮಾತ್ರ. ಏರ್‌ಬ್ಯಾಗಿನ ವೈರುಗಳಿಗೆ ಎರಡನ್ನೂ ಮುಟ್ಟಿಸಬೇಡಿ.

ಶುರು ಮಾಡುವ ಮುಂಚೆ ಉಂಗುರ, ಬಳೆ, ಲೋಹದ ಪಟ್ಟಿಯ ವಾಚು ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಬಾಡಿಗೆ ಸೇರಿದ ಕೇಬಲ್ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಆ ತುದಿ ಬಿಚ್ಚಿದ್ದರೆ, ಇನ್ನೊಂದು ತುದಿ ಬಿಚ್ಚುವಾಗ ಸ್ಪ್ಯಾನರ್ ತಗಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಸಾಮಾನ್ಯವಾಗಿ ಬಾಡಿಗೆ ಸೇರಿರುವುದು ನೆಗೆಟಿವ್. ಬಹಳ ಹಳೆಯ ಕೆಲವು ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಬಾಡಿಗೆ ಇರುತ್ತದೆ, ಹಾಗಾಗಿ ಬಣ್ಣ ನೋಡಿ ಊಹಿಸದೆ ಕೇಬಲ್ ಎಲ್ಲಿಗೆ ಹೋಗುತ್ತದೆಂದು ಕಣ್ಣಾರೆ ನೋಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ. ಬಳಿಯಲ್ಲಿ ಬೆಂಕಿ, ಸಿಗರೇಟು ಬೇಡವೇ ಬೇಡ.

ಮೊದಲ ಪರೀಕ್ಷೆ: ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ ನೋಡಿ

ಕೀಯನ್ನು ಆನ್‌ವರೆಗೆ ಮಾತ್ರ ತಿರುಗಿಸಿ. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪಗಳು ಹತ್ತಿದವು ಎಂದು ಕಾಗದದಲ್ಲಿ ಬರೆದುಕೊಳ್ಳಿ. ಆಯಿಲ್ ಪ್ರೆಶರ್ ದೀಪವೂ ಬ್ಯಾಟರಿ ದೀಪವೂ ಹತ್ತಲೇಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಚೆಕ್ ಎಂಜಿನ್ ದೀಪವೂ ಹಾಗೇ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ದೀಪಗಳು ಕೆಲವು ಸೆಕೆಂಡ್ ಹತ್ತಿ ಆರಬೇಕು.

ಹತ್ತದ ದೀಪದ ಬಗ್ಗೆಯೇ ಹೆಚ್ಚು ಚಿಂತಿಸಿ. ಬಲ್ಬ್ ಸುಟ್ಟಿರಬಹುದು, ಇಲ್ಲವೇ ಹಿಂದಿನ ಯಾರೋ ದೋಷ ಮುಚ್ಚಿಡಲು ಬಲ್ಬನ್ನೇ ಕಿತ್ತಿರಬಹುದು. ಹಳೆಯ ಕಾರು ಕೊಳ್ಳಲು ಹೋದಾಗ ನಾನು ಮಾಡುವ ಮೊದಲ ಕೆಲಸ ಇದೇ. ಏರ್‌ಬ್ಯಾಗ್ ದೀಪ ಹತ್ತದೇ ಇದ್ದರೆ ಆ ಕಾರಿನ ಬಗ್ಗೆ ಎರಡನೇ ಸಲ ಯೋಚಿಸುತ್ತೇನೆ.

ಬಣ್ಣದ ಭಾಷೆ ಸರಳ. ಕೆಂಪು ಎಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹಳದಿ ಎಂದರೆ ಸಾಗಬಹುದು, ಆದರೆ ಬೇಗ ನೋಡಿ. ಹಸಿರು, ನೀಲಿ ಹೆಚ್ಚಾಗಿ ಬರೀ ಸ್ವಿಚ್ ಆನ್ ಇದೆ ಎಂಬ ಸೂಚನೆ.

ಬ್ಯಾಟರಿ ಮತ್ತು ಚಾರ್ಜಿಂಗ್

ಬೇರೆ ಯಾವ ದೋಷ ಹುಡುಕುವುದಿದ್ದರೂ ಇಲ್ಲಿಂದಲೇ ಶುರು ಮಾಡಿ. ವೋಲ್ಟೇಜ್ ಕಡಿಮೆಯಿದ್ದರೆ ಕಂಪ್ಯೂಟರ್, ಎಬಿಎಸ್, ಪವರ್ ಸ್ಟಿಯರಿಂಗ್ ಎಲ್ಲವೂ ಸುಳ್ಳು ದೂರು ಹೇಳುತ್ತವೆ.

1. ಕಾರು ರಾತ್ರಿಯೆಲ್ಲ ನಿಂತ ಮೇಲೆ ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿಯ ಎರಡು ತುದಿ ಮುಟ್ಟಿಸಿ. ಸೀಸ–ಆಮ್ಲದ ಸಾಮಾನ್ಯ ಬ್ಯಾಟರಿಯಲ್ಲಿ 12.6 ಇದ್ದರೆ ಪೂರ್ತಿ ಚಾರ್ಜ್, 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಾದರೆ ಹೆಚ್ಚುಕಮ್ಮಿ ಖಾಲಿ. ಈಗಷ್ಟೇ ಓಡಿಸಿ ನಿಲ್ಲಿಸಿದ ಕಾರಿನಲ್ಲಿ ಅಳೆದರೆ ಮೇಲ್ಮೈ ಚಾರ್ಜಿನಿಂದ ಜಾಸ್ತಿ ತೋರಿಸುತ್ತದೆ. ಹೆಡ್‌ಲೈಟನ್ನು ಎರಡು ನಿಮಿಷ ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ.

2. ಮೀಟರ್ ಹಾಗೇ ಇರಲಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ತಿರುಗುವಾಗ 10ರ ಮೇಲೆ ನಿಂತರೆ ಒಳ್ಳೆಯದು. ಪೂರ್ತಿ ಚಾರ್ಜ್ ಆದ ಬ್ಯಾಟರಿ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯಸ್ಸು ಮುಗಿದಿದೆ, ಅಥವಾ ಸ್ಟಾರ್ಟರ್ ಮೋಟರ್ ಅತಿಯಾಗಿ ಕರೆಂಟು ಎಳೆಯುತ್ತಿದೆ. ವೋಲ್ಟೇಜ್ 12ರ ಹತ್ತಿರವೇ ನಿಂತು, ಮೋಟರ್ ಮಾತ್ರ ತಿರುಗದೆ ಟಕ್ ಎಂದರೆ ಬ್ಯಾಟರಿಯದು ತಪ್ಪಿಲ್ಲ, ಕೇಬಲ್ ಅಥವಾ ಸೊಲೆನಾಯ್ಡ್ (ಸ್ಟಾರ್ಟರಿಗೆ ಕರೆಂಟು ಹಾಯಿಸುವ ಸ್ವಿಚ್) ಕಡೆ ನೋಡಿ.

3. ಎಂಜಿನ್ ಸ್ಟಾರ್ಟ್ ಆದ ಮೇಲೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, 1,500ರಿಂದ 2,000 ಆರ್‌ಪಿಎಂನಲ್ಲಿ ಅಳೆಯಿರಿ. 13.8ರಿಂದ 14.7ರ ನಡುವೆ ಇರಬೇಕು. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿದರೂ 13ರ ಕೆಳಗೆ ಇಳಿಯಬಾರದು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಪದೇ ಪದೇ ಸುಡುವ ಬಲ್ಬ್, ಬ್ಯಾಟರಿಯಿಂದ ಕೊಳೆತ ಮೊಟ್ಟೆಯ ವಾಸನೆ, ಎರಡೂ ಅದರ ಗುರುತು.

4. ಎಂಜಿನ್ ಓಡುತ್ತಿರುವಾಗಲೇ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. 0.5 ವೋಲ್ಟಿಗಿಂತ ಜಾಸ್ತಿ ಬಂದರೆ ಆಲ್ಟರ್ನೇಟರಿನೊಳಗೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಕೈಕೊಟ್ಟಿದೆ. ಎಂಜಿನ್ ವೇಗಕ್ಕೆ ತಕ್ಕಂತೆ ಸ್ಟೀರಿಯೋದಲ್ಲಿ ಸಿಳ್ಳೆಯಂಥ ಸದ್ದು ಕೇಳುವುದಕ್ಕೂ ಇದು ಒಂದು ಕಾರಣ.

ಇಲ್ಲಿ ಒಂದು ಮಾತು ಬಿಗಿಯಾಗಿ ಹೇಳಬೇಕು. ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ರೂಢಿಯೊಂದಿದೆ. ಆಗ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಡಯೋಡುಗಳನ್ನೂ ಕಂಪ್ಯೂಟರನ್ನೂ ಸುಡಬಲ್ಲದು. ಯಾರು ಹೇಳಿದರೂ ಮಾಡಬೇಡಿ.

ಬ್ಯಾಟರಿ ದೀಪ ಎಷ್ಟು ಹತ್ತುತ್ತದೆ, ಯಾವಾಗ ಹತ್ತುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇದೆ. ಹಳೆಯ ಕಾರುಗಳಲ್ಲಿ ಈ ಬಲ್ಬಿನ ಮೂಲಕ ಹಾಯುವ ಸಣ್ಣ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುತ್ತದೆ. ಹಾಗಾಗಿ ಕೀ ಆನ್‌ನಲ್ಲಿ ದೀಪ ಹತ್ತದಿದ್ದರೆ ಆಲ್ಟರ್ನೇಟರ್ ಚಾರ್ಜ್ ಶುರು ಮಾಡದೇ ಇರಬಹುದು. ಒಂದು ಸುಟ್ಟ ಬಲ್ಬಿಗಾಗಿ ಜನ ಇಡೀ ಆಲ್ಟರ್ನೇಟರ್ ಬದಲಿಸಿದ್ದುಂಟು. ಓಡುವಾಗ ದೀಪ ಪೂರ್ತಿ ಹತ್ತಿದರೆ ಮೊದಲು ಬೆಲ್ಟ್ ನೋಡಿ. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಕೂಡಲೇ ನಿಲ್ಲಿಸಬೇಕು, ಇಲ್ಲವಾದರೆ ಎಂಜಿನ್ ಕಾದು ಹಾಳಾಗುತ್ತದೆ. ದೀಪ ಮಂದವಾಗಿ ಮಿಣುಕಿದರೆ ಡಯೋಡ್, ಅಥವಾ ದೀಪದ ಎರಡು ಕಡೆಯ ವೋಲ್ಟೇಜ್ ನಡುವೆ ವ್ಯತ್ಯಾಸ ತರುವ ಕಿಲುಬಿನ ಜೋಡಣೆ. ನಿಂತಾಗ ಹತ್ತಿ, ವೇಗ ಕೊಟ್ಟರೆ ಆರಿದರೆ ಸವೆದ ಬ್ರಶ್ ಅಥವಾ ಜಾರುವ ಬೆಲ್ಟ್. ಕೆಲವು ಕಾರುಗಳಲ್ಲಿ ಆಲ್ಟರ್ನೇಟರ್ ಸತ್ತರೆ ಬ್ಯಾಟರಿ ದೀಪದ ಜೊತೆ ಬ್ರೇಕ್ ದೀಪವೂ ಹತ್ತುತ್ತದೆ, ಬ್ರೇಕಿಗೆ ಏನೂ ಆಗಿರುವುದಿಲ್ಲ.

ಬ್ಯಾಟರಿ ತುದಿಗಳಲ್ಲಿ ಬಿಳಿ, ನೀಲಿ ಪುಡಿ ಕೂತಿದ್ದರೆ ಅಡುಗೆ ಸೋಡಾ ಕಲಸಿದ ನೀರು ಹಾಕಿ ಬ್ರಶ್ಶಿನಿಂದ ತೊಳೆಯಿರಿ. ನೊರೆ ನಿಂತ ಮೇಲೆ ಶುದ್ಧ ನೀರು, ಒರೆಸಿ, ಎಮರಿಯಿಂದ ಸೀಸ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ. ವ್ಯಾಸಲೀನ್ ಹಚ್ಚುವುದು ಜೋಡಿಸಿದ ನಂತರ, ಮೇಲಿಂದ.

ದಾರಿಯಲ್ಲಿ ಎಷ್ಟು ವೋಲ್ಟ್ ಸೋರುತ್ತಿದೆ?

ಕೇಬಲ್ ಚೆನ್ನಾಗಿದೆಯೇ ಎಂದು ನೋಡಲು ಓಮ್ ಅಳೆಯುವುದು ಬಹುಮಂದಿಯ ತಪ್ಪು. ಸೆಲ್ಫ್ ತಿರುಗುವಾಗ 150 ಆಂಪಿಯರ್ ಹರಿಯುತ್ತದೆ ಎನ್ನಿ. ಜೋಡಣೆಯಲ್ಲಿ ಕೇವಲ 0.01 ಓಮ್ ಇದ್ದರೂ 1.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ನಿಮ್ಮ ಮೀಟರಿಗೆ 0.01 ಓಮ್ ಕಾಣಿಸುವುದೇ ಇಲ್ಲ. ಅದರ ಬದಲು ಕರೆಂಟು ಹರಿಯುವಾಗ ಆ ದಾರಿಯ ಎರಡು ತುದಿಗಳ ನಡುವೆ ವೋಲ್ಟ್ ಅಳೆಯಿರಿ. ಚೆನ್ನಾದ ದಾರಿಯಲ್ಲಿ ಅದು ಸೊನ್ನೆಯ ಹತ್ತಿರ ಇರುತ್ತದೆ. ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇದರಷ್ಟು ಉಪಕಾರಿ ಬೇರೊಂದಿಲ್ಲ.

ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು ಎಂಜಿನ್ ಸ್ಟಾರ್ಟ್ ಆಗದಂತೆ ಮಾಡಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಅದರ ಮೇಲೆ ಕೂತ ಕೇಬಲಿನ ಹಿಡಿಕೆಗಲ್ಲ, ಕಂಬಕ್ಕೇ. ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಸೆಲ್ಫ್ ಹೊಡೆಸಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ದಾರಿ ಕೆಟ್ಟಿದೆ. ಹಾಗೇ ಪಾಸಿಟಿವ್ ಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿನವರೆಗೆ 0.5 ಒಳಗಿರಬೇಕು. ಹೆಚ್ಚು ಬಂದರೆ ಕಡ್ಡಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ತನ್ನಿ: ಕಂಬದಿಂದ ಹಿಡಿಕೆಗೆ, ಹಿಡಿಕೆಯಿಂದ ಕೇಬಲ್ ತುದಿಗೆ, ತುದಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ. ಯಾವ ಹೆಜ್ಜೆಯಲ್ಲಿ ಅಂಕಿ ದಿಢೀರನೆ ಇಳಿಯಿತೋ ಆ ಜೋಡಣೆ ಬಿಚ್ಚಿ. ಬಣ್ಣ, ತುಕ್ಕು ಹೋಗಿ ಬೆಳ್ಳಗೆ ಲೋಹ ಕಾಣುವವರೆಗೆ ಉಜ್ಜಿ ಬಿಗಿ ಮಾಡಿ.

ಮೀಟರಿಲ್ಲದೆಯೂ ಕೆಟ್ಟ ಅರ್ಥಿಂಗ್ ಗುರುತು ಕೊಡುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಪಾರ್ಕಿಂಗ್ ದೀಪವೂ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಇನ್ನಾವುದೋ ದೀಪ ಮಂದವಾಗಿ ಹತ್ತುತ್ತದೆ. ಸರಿಯಾದ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನೊಳಗೆ ಹಿಂದುಮುಂದಾಗಿ ನುಗ್ಗಿ ಬಾಡಿ ಸೇರುತ್ತಿರುತ್ತದೆ. ಎಂಜಿನ್ ಪಟ್ಟಿ ಪೂರ್ತಿ ಕಡಿದಿದ್ದರಂತೂ ಸ್ಟಾರ್ಟರಿನ ಭಾರೀ ಕರೆಂಟು ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಮೂಲಕ ಮರಳುತ್ತದೆ. ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ ಬೆಚ್ಚಗಿದ್ದರೆ, ಹೊಗೆಯಾಡಿದರೆ ಬೇರೆ ಪುರಾವೆ ಬೇಡ.

ಹೆಡ್‌ಲೈಟ್ ಮಂದವಾಗಿದೆ ಎಂದು ಹೆಚ್ಚು ವ್ಯಾಟಿನ ಬಲ್ಬ್ ಹಾಕುವ ಮೊದಲೂ ಇದೇ ಲೆಕ್ಕ ಮಾಡಿ. ತಂತಿ ಬಲ್ಬಿಗೆ ವೋಲ್ಟೇಜ್ 10 ಶೇಕಡ ಕಡಿಮೆಯಾದರೆ ಬೆಳಕು ಸುಮಾರು 30 ಶೇಕಡ ಇಳಿಯುತ್ತದೆ. ಹಳೆಯ ಕಾರುಗಳಲ್ಲಿ ಕರೆಂಟು ಫ್ಯೂಸ್ ಪೆಟ್ಟಿಗೆ, ಸ್ವಿಚ್, ಡಿಮ್ಮರ್ ಎಲ್ಲ ಸುತ್ತಿ ಬರುವಾಗ ಒಂದು ವೋಲ್ಟಿಗೂ ಮಿಕ್ಕಿ ಕಳೆದುಕೊಂಡಿರುತ್ತದೆ. ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಮೂಲಕ ದಪ್ಪ ವೈರ್ ಎಳೆದರೆ ಅದೇ ಬಲ್ಬ್ ಬೆಳಗುತ್ತದೆ, ಸ್ವಿಚ್ ಕೂಡ ಸುಡುವುದಿಲ್ಲ.

ಫ್ಯೂಸ್ ಮತ್ತು ರಿಲೇ

ಸಾಮಾನ್ಯ ಬ್ಲೇಡ್ ಫ್ಯೂಸಿನ ಬಣ್ಣಗಳು: ಕಂದು 7.5, ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಕಣ್ಣಿಗೆ ಸರಿಯಾಗಿ ಕಂಡರೂ ಕೆಲವೊಮ್ಮೆ ಒಳಗೆ ಬಿರುಕು ಬಿಟ್ಟಿರುತ್ತದೆ. ಫ್ಯೂಸ್ ಕೀಳದೆ ಅದರ ತಲೆಯ ಮೇಲಿನ ಎರಡು ಸಣ್ಣ ಕಿಂಡಿಗಳಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿ. ಎರಡೂ ಕಡೆ ಹತ್ತಿದರೆ ಸರಿ, ಒಂದೇ ಕಡೆ ಹತ್ತಿದರೆ ಫ್ಯೂಸ್ ಹೋಗಿದೆ, ಎರಡೂ ಕಡೆ ಇಲ್ಲದಿದ್ದರೆ ಫ್ಯೂಸಿಗೇ ಕರೆಂಟು ಬರುತ್ತಿಲ್ಲ.

ಹೊಸ ಫ್ಯೂಸ್ ಕೂಡ ಹಾಕಿದ ಕೂಡಲೇ ಹೋದರೆ ಎಲ್ಲೋ ವೈರ್ ಬಾಡಿಗೆ ತಗುಲಿದೆ. ಆಗ ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು ಕಾರಿಗೆ ಬೆಂಕಿ ಇಟ್ಟಂತೆ. ಫ್ಯೂಸ್ ಸುಡಬೇಕಾದಲ್ಲಿ ವೈರಿಂಗ್ ಸುಡುತ್ತದೆ. ಫ್ಯೂಸಿನ ಜಾಗಕ್ಕೆ ಒಂದು 21 ವ್ಯಾಟ್ ಬಲ್ಬನ್ನು ವೈರಿನಿಂದ ಸೇರಿಸಿ. ಶಾರ್ಟ್ ಇರುವವರೆಗೆ ಅದು ಪ್ರಖರವಾಗಿ ಉರಿಯುತ್ತದೆ. ಆ ಸಾಲಿನ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ, ಬಲ್ಬ್ ಆರಿದ ಜಾಗದಾಚೆಗೆ ದೋಷವಿದೆ. ಡಿಕ್ಕಿಯ ಬಾಗಿಲ ಕೀಲು, ಬಾಗಿಲಿನ ರಬ್ಬರ್ ಕೊಳವೆ, ಸೀಟಿನ ಹಳಿ: ವೈರ್ ದಿನವೂ ಮಡಚುವ, ಉಜ್ಜುವ ಜಾಗಗಳನ್ನು ಮೊದಲು ನೋಡಿ.

ರಿಲೇಯ ಕೆಳಗೆ ಅಂಕಿಗಳಿರುತ್ತವೆ. 30 ಬ್ಯಾಟರಿಯಿಂದ ಬರುವ ಕರೆಂಟು, 87 ಹೊರಗೆ ಹೋಗುವುದು, 85 ಮತ್ತು 86 ಒಳಗಿನ ಕಾಯಿಲ್. ಕಾಯಿಲ್ ಅಳೆದರೆ ಸಾಮಾನ್ಯವಾಗಿ 50ರಿಂದ 120 ಓಮ್. ಟಕ್ ಎಂಬ ಸದ್ದು ಕೇಳಿದರೆ ರಿಲೇ ಸರಿಯಿದೆ ಎಂದಲ್ಲ, ಒಳಗಿನ ತುಟಿಗಳು ಸುಟ್ಟು ಕರೆಂಟು ದಾಟಿಸದೇ ಇರಬಹುದು. ಪಕ್ಕದಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡುವುದು ಎಲ್ಲಕ್ಕಿಂತ ಬೇಗ.

ನಿಂತ ಕಾರಿನ ಬ್ಯಾಟರಿ ಯಾರು ಕುಡಿಯುತ್ತಿದ್ದಾರೆ?

ಬ್ಯಾಟರಿ ಚೆನ್ನಾಗಿದೆ, ಚಾರ್ಜಿಂಗ್ ಸರಿ, ಆದರೂ ಮೂರು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ. 45 ಆಂಪಿಯರ್ ಅವರ್ ಬ್ಯಾಟರಿಯಿಂದ 0.3 ಆಂಪಿಯರ್ ಸೋರಿದರೆ 75 ಗಂಟೆಯಲ್ಲಿ ಅರ್ಧ ಖಾಲಿ, ಅಂದರೆ ಅದೇ ಮೂರು ದಿನ.

ಎಲ್ಲ ಆರಿಸಿ, ಕೀ ದೂರ ಇಡಿ, ಬಾಗಿಲು ಮುಚ್ಚಿ. ಫ್ಯೂಸ್ ಪೆಟ್ಟಿಗೆ ತಲುಪಲು ಬಾಗಿಲು ತೆರೆದಿಡಬೇಕಾದರೆ ಬಾಗಿಲ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಕೆಲಸ ಮುಗಿದು ಬಾಗಿಲು ಹಾಕುವ ಮುನ್ನ ಹಿಡಿಕೆ ಎಳೆದು ಬಿಡಿಸಲು ಮರೆಯಬೇಡಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ರಂಧ್ರಕ್ಕೆ ಹಾಕಿ, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಕಂಬದ ನಡುವೆ ಮೀಟರ್ ಸೇರಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯುವುದು, ಹೆಡ್‌ಲೈಟ್ ಹಾಕುವುದು ಕೂಡದು. ಕಂಪ್ಯೂಟರ್ ಇರುವ ಕಾರಾದರೆ ಅರ್ಧ ಗಂಟೆ ಕಾಯಿರಿ, ಒಳಗಿನ ಘಟಕಗಳೆಲ್ಲ ಮಲಗಲು ಅಷ್ಟು ಹೊತ್ತು ಬೇಕು. ಆಮೇಲೆ 0.05 ಆಂಪಿಯರ್, ಅಂದರೆ 50 ಮಿಲಿಆಂಪಿಯರ್ ಒಳಗಿದ್ದರೆ ಸರಿ.

ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯಿತೋ ಆ ಸಾಲಿನಲ್ಲಿ ಕಳ್ಳನಿದ್ದಾನೆ. ಡಿಕ್ಕಿಯ ದೀಪ, ಗ್ಲವ್ ಬಾಕ್ಸಿನ ದೀಪ, ಆಮೇಲೆ ಹಾಕಿಸಿದ ಸ್ಟೀರಿಯೋ ಮತ್ತು ಅಲಾರಂ, ಅಂಟಿಕೊಂಡ ರಿಲೇ ಇವೇ ಸಾಮಾನ್ಯ. ಅಂಟಿಕೊಂಡ ರಿಲೇ ರಾತ್ರಿಯೆಲ್ಲ ನಿಂತ ಕಾರಿನಲ್ಲೂ ಬೆಚ್ಚಗಿರುತ್ತದೆ, ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ಯಾವ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಸೋರುತ್ತಿರಬಹುದು. ಬ್ಯಾಟರಿ ಬಿಚ್ಚಿಟ್ಟು ಆಲ್ಟರ್ನೇಟರಿನ ದಪ್ಪ ವೈರ್ ಕಳಚಿ, ತುದಿಗೆ ಟೇಪ್ ಸುತ್ತಿ ಮತ್ತೆ ಅಳೆಯಿರಿ.

ಮುಗಿದ ಮೇಲೆ ಕೆಂಪು ವೈರನ್ನು ವೋಲ್ಟ್ ರಂಧ್ರಕ್ಕೆ ತಕ್ಷಣ ವಾಪಸ್ ಹಾಕಿ. ಆಂಪಿಯರ್ ರಂಧ್ರದಲ್ಲೇ ಇಟ್ಟು ಬ್ಯಾಟರಿಯ ವೋಲ್ಟ್ ಅಳೆಯಲು ಹೋದರೆ ನೇರ ಶಾರ್ಟ್.

ಕೆಂಪು ದೀಪಗಳು

ಆಯಿಲ್ ಪ್ರೆಶರ್ ದೀಪ ಓಡುವಾಗ ಹತ್ತಿದರೆ ಎಂಜಿನ್ ಆಗಲೇ ಬಂದ್ ಮಾಡಿ, ಮನೆ ಹತ್ತಿರವಿದೆ ಎಂದು ಮುಂದುವರಿಸಬೇಡಿ. ಒತ್ತಡ ಸುಮಾರು 0.3ರಿಂದ 0.5 ಬಾರ್‌ಗೆ ಇಳಿದ ಮೇಲಷ್ಟೇ ಈ ದೀಪ ಹತ್ತುತ್ತದೆ. ಕೆಲವು ನಿಮಿಷಗಳಲ್ಲೇ ಬೇರಿಂಗುಗಳು ಸವೆದು ಎಂಜಿನ್ ಹೋಗಬಹುದು. ಸ್ವಲ್ಪ ಹೊತ್ತು ಬಿಟ್ಟು ಕಡ್ಡಿಯಲ್ಲಿ ಆಯಿಲ್ ಮಟ್ಟ ನೋಡಿ. ಮಟ್ಟ ಸರಿಯಿದ್ದರೆ ಎಂಜಿನ್ ಬಂದ್ ಇರುವಾಗಲೇ, ಕೀ ಆನ್ ಮಾಡಿ ಪ್ರೆಶರ್ ಸ್ವಿಚ್ಚಿನ ವೈರ್ ಕಿತ್ತು ನೋಡಿ. ಒಂಟಿ ವೈರಿನ ಹಳೆಯ ಸ್ವಿಚ್ಚಿನಲ್ಲಿ ಆಗ ದೀಪ ಆರಬೇಕು. ಆರದಿದ್ದರೆ ವೈರ್ ಎಲ್ಲೋ ಬಾಡಿಗೆ ತಗುಲಿದೆ. ಆರಿದರೆ ಸ್ವಿಚ್ ಕೆಟ್ಟಿದೆಯೋ ಒತ್ತಡವೇ ಇಲ್ಲವೋ ಎಂದು ತೀರ್ಮಾನಿಸಲು ಮೆಕ್ಯಾನಿಕಲ್ ಗೇಜನ್ನು ಸ್ವಿಚ್ಚಿನ ಜಾಗಕ್ಕೆ ಕೂರಿಸಿ ಅಳೆಯುವುದೊಂದೇ ದಾರಿ. ಸ್ವಿಚ್ ಅಗ್ಗ ಎಂದು ಬದಲಿಸಿ ಧೈರ್ಯ ತಂದುಕೊಂಡು ಓಡಿಸಬೇಡಿ.

ಬಿಸಿಯ ದೀಪ ಹತ್ತಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಹಾಕಿ, ಜಾಗ ನೋಡಿ ನಿಲ್ಲಿಸಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ, ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮುತ್ತದೆ. ತಣ್ಣಗಾದ ಮೇಲೆ ಕೂಲಂಟ್ ಮಟ್ಟ ನೋಡಿ. ಓಡುವಾಗ ಸರಿಯಿದ್ದು ನಿಂತಾಗ ಮಾತ್ರ ಕಾದರೆ ಫ್ಯಾನ್ ತಿರುಗುತ್ತಿಲ್ಲ. ಫ್ಯೂಸ್, ರಿಲೇ, ಆಮೇಲೆ ರೇಡಿಯೇಟರಿನ ಥರ್ಮೋ ಸ್ವಿಚ್ಚಿನ ಕನೆಕ್ಟರ್. ಎರಡು ವೈರಿನ ಸ್ವಿಚ್ಚಾದರೆ ಕನೆಕ್ಟರ್ ಕಿತ್ತು ಎರಡು ತುದಿಗಳನ್ನು ಜಂಪರ್ ವೈರಿನಿಂದ ಸೇರಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಕೆಟ್ಟಿದೆ. ತಿರುಗದಿದ್ದರೆ ಮೋಟರಿಗೆ ನೇರ 12 ವೋಲ್ಟ್ ಕೊಟ್ಟು ನೋಡಿ. ಫ್ಯಾನಿನ ಹತ್ತಿರ ಕೈ, ಬಟ್ಟೆ ದೂರವಿರಲಿ, ಕೀ ಆಫ್ ಇದ್ದರೂ ಅದು ತಿರುಗಬಹುದು.

ಪೆಟ್ರೋಲ್ ಮುಳ್ಳು, ಬಿಸಿಯ ಮುಳ್ಳು ಎರಡೂ ಒಟ್ಟಿಗೇ ಹೆಚ್ಚು ಅಥವಾ ಒಟ್ಟಿಗೇ ಕಡಿಮೆ ತೋರಿಸಿದರೆ ಎಂಜಿನ್ ಬಿಟ್ಟುಬಿಡಿ. ಹಳೆಯ ಅನೇಕ ಕಾರುಗಳಲ್ಲಿ ಮುಳ್ಳುಗಳಿಗೆ ಸುಮಾರು 10 ವೋಲ್ಟ್ ಮಾತ್ರ ಕೊಡುವ ಸ್ಟೆಬಿಲೈಸರ್ ಡ್ಯಾಶ್‌ಬೋರ್ಡಿನ ಹಿಂದೆ ಇರುತ್ತದೆ. ಅದೋ, ಅದರ ಅರ್ಥಿಂಗೋ ಕೆಟ್ಟಿದೆ.

ಬ್ರೇಕ್ ದೀಪಕ್ಕೆ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯೇ, ಅದರಡಿಯ ಸ್ವಿಚ್ ಅಂಟಿದೆಯೇ ನೋಡಿ. ಆಮೇಲೆ ಬ್ರೇಕ್ ಆಯಿಲ್ ಮಟ್ಟ. ತಿರುವಿನಲ್ಲಿ ಮಾತ್ರ ದೀಪ ಹತ್ತಿದರೆ ಮಟ್ಟ ಗಡಿಯಲ್ಲಿದೆ. ಪ್ಯಾಡ್ ಸವೆದಂತೆ ಮಟ್ಟ ನಿಧಾನ ಇಳಿಯುವುದು ಸಹಜ, ದಿಢೀರನೆ ಇಳಿದರೆ ಸೋರುತ್ತಿದೆ. ಬರೀ ತುಂಬಿಸಿ ಸುಮ್ಮನಾಗಬೇಡಿ. ಪೆಡಲ್ ಮೆತ್ತಗಿದ್ದರೆ, ಕೆಳಗಿಳಿದರೆ ಕಾರು ಓಡಿಸಬೇಡಿ.

ಹಳದಿ ದೀಪಗಳು

ಚೆಕ್ ಎಂಜಿನ್ ದೀಪ ಸ್ಥಿರವಾಗಿ ಹತ್ತಿದರೆ ಗಾಬರಿ ಬೇಡ. ಮಿನುಗಿದರೆ ಮಾತ್ರ ವೇಗ ಇಳಿಸಿ ನಿಲ್ಲಿಸಿ: ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದೆ ಪೆಟ್ರೋಲ್ ಹೊಗೆಕೊಳವೆಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ.

ಅಮೆರಿಕದಲ್ಲಿ 1996ರ ಮಾದರಿಯಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ 16 ಪಿನ್ನಿನ ರೋಗಪತ್ತೆ ಕನೆಕ್ಟರ್ ಕಡ್ಡಾಯವಾಯಿತು. ಅದಕ್ಕೆ ಸ್ಕ್ಯಾನರ್ ಚುಚ್ಚಿದರೆ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಸಿಗುತ್ತದೆ. ಸ್ಕ್ಯಾನರಿಗೇ ಜೀವ ಬರದಿದ್ದರೆ 16ನೇ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜ್, 4ನೇ ಪಿನ್ನಿನಲ್ಲಿ ಅರ್ಥಿಂಗ್ ಇದೆಯೇ ನೋಡಿ. ಅನೇಕ ಕಾರುಗಳಲ್ಲಿ ಸಿಗರೇಟ್ ಲೈಟರಿನ ಫ್ಯೂಸೇ ಇದಕ್ಕೂ ಇರುತ್ತದೆ. ಅದಕ್ಕಿಂತ ಹಳೆಯ ಕಾರುಗಳಲ್ಲಿ ಎರಡು ಪಿನ್ ಜೋಡಿಸಿದರೆ ಚೆಕ್ ಎಂಜಿನ್ ದೀಪವೇ ಮಿನುಗಿ ಕೋಡ್ ಹೇಳುತ್ತದೆ, ಯಾವ ಎರಡು ಎಂಬುದನ್ನು ಆ ಮಾದರಿಯ ಕೈಪಿಡಿ ನೋಡಿಯೇ ಮಾಡಿ.

ಕೋಡ್ ಹೇಳುವುದು ಲಕ್ಷಣವನ್ನು, ಕೆಟ್ಟ ಭಾಗವನ್ನಲ್ಲ. ಪಿ0171 ಎಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಆಕ್ಸಿಜನ್ ಸೆನ್ಸರ್ ಆ ಸುದ್ದಿ ತಂದವನಷ್ಟೇ, ಅದನ್ನು ಬದಲಿಸುವ ಮೊದಲು ಬಿರುಕು ಬಿಟ್ಟ ವ್ಯಾಕ್ಯೂಮ್ ಕೊಳವೆ ಹುಡುಕಿ. ಪಿ0301 ಎಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಒಂದೊಂದು ಸಿಲಿಂಡರಿಗೂ ಪ್ಲಗ್ಗಿನ ಕಿಡಿ ಹುಟ್ಟಿಸುವ ಬೇರೆ ಕಾಯಿಲ್ ಇದ್ದರೆ ಒಂದು ಮತ್ತು ಎರಡರ ಕಾಯಿಲ್ ಅದಲು ಬದಲು ಮಾಡಿ. ಕೋಡ್ ಪಿ0302 ಆದರೆ ಕಾಯಿಲ್ ಕೆಟ್ಟಿದೆ, ಇಲ್ಲವಾದರೆ ಪ್ಲಗ್, ಇಂಜೆಕ್ಟರ್ ನೋಡಿ. ಪಿ0135 ಬಂದರೆ ಆಕ್ಸಿಜನ್ ಸೆನ್ಸರಿನ ಹೀಟರ್ ಸಾಲಿನ ಫ್ಯೂಸ್ ಮೊದಲು. ಪಿ0562 ಎಂದರೆ ವೋಲ್ಟೇಜ್ ಕಡಿಮೆ, ಮತ್ತೆ ಬ್ಯಾಟರಿಯ ಭಾಗಕ್ಕೆ ಹೋಗಿ. ಕೋಡುಗಳನ್ನು ಬರೆದುಕೊಂಡ ಮೇಲಷ್ಟೇ ಅಳಿಸಿ, ಮರಳಿ ಬಂದವನ್ನು ಮಾತ್ರ ಬೆನ್ನಟ್ಟಿ.

ಎಬಿಎಸ್ ದೀಪ ಹತ್ತಿದರೂ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ. ಕೆಂಪು ಬ್ರೇಕ್ ದೀಪವೂ ಜೊತೆಗಿದ್ದರೆ ಹಿಂದಿನ ಚಕ್ರಗಳ ಬ್ರೇಕ್ ಹಂಚಿಕೆಯೂ ನಿಂತಿರಬಹುದು, ಓಡಿಸದಿರುವುದೇ ಸರಿ. ಎಬಿಎಸ್‌ನಲ್ಲಿ ಬಹುಪಾಲು ದೋಷ ಚಕ್ರದ ಬಳಿಯ ಸೆನ್ಸರ್, ಅದರ ವೈರ್, ಹಲ್ಲಿನ ಬಳೆ ಇವುಗಳದ್ದೇ. ಎರಡು ವೈರಿನ ಹಳೆಯ ಸೆನ್ಸರುಗಳು ಸಾಮಾನ್ಯವಾಗಿ 1,000 ಓಮ್ ಆಸುಪಾಸಿನಲ್ಲಿರುತ್ತವೆ. ಎಡ ಬಲ ಅಳೆದು ಹೋಲಿಸಿ. ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿದರೆ ಎಸಿ ವೋಲ್ಟ್ ಸಣ್ಣದಾಗಿ ಬರಬೇಕು.

ಏರ್‌ಬ್ಯಾಗಿನ ವೈರುಗಳು ಹೆಚ್ಚಾಗಿ ಹಳದಿ ಕನೆಕ್ಟರಿನಲ್ಲಿರುತ್ತವೆ. ಓಮ್ ಮೀಟರಿನ ಸಣ್ಣ ಕರೆಂಟೂ ಬ್ಯಾಗನ್ನು ಸಿಡಿಸಬಹುದು. ಸೀಟಿನಡಿಯ ಕನೆಕ್ಟರ್ ಸಡಿಲವಾಗುವುದು, ಸ್ಟಿಯರಿಂಗಿನೊಳಗಿನ ಸುರುಳಿ ಪಟ್ಟಿ ಕಡಿಯುವುದು ಸಾಮಾನ್ಯ ಕಾರಣಗಳು. ಹಾರ್ನ್ ಕೂಡ ಕೆಲಸ ಮಾಡದಿದ್ದರೆ ಎರಡನೆಯದೇ ಇರಬೇಕು. ಈ ಕೆಲಸವನ್ನು ತರಬೇತಿ ಪಡೆದವರಿಗೆ ಬಿಡಿ. ಇಡೀ ಬರಹದಲ್ಲಿ ನೀವೇ ಮಾಡಬೇಡಿ ಎಂದು ನಾನು ಹೇಳುವುದು ಇದೊಂದನ್ನೇ.

ಸಣ್ಣ ದೀಪಗಳು

ಇಂಡಿಕೇಟರ್ ಒಂದು ಕಡೆ ಬೇಗ ಬೇಗ ಮಿನುಗಿದರೆ ಆ ಕಡೆ ಒಂದು ಬಲ್ಬ್ ಹೋಗಿದೆ. ಎಲ್‌ಇಡಿ ಹಾಕಿದ ಮೇಲೆ ಶುರುವಾದರೆ ಹಳೆಯ ಫ್ಲ್ಯಾಶರ್‌ಗೆ ಲೋಡ್ ಸಾಲುತ್ತಿಲ್ಲ, ಎಲ್‌ಇಡಿಗೆ ಹೊಂದುವ ಫ್ಲ್ಯಾಶರ್ ಹಾಕಿ. ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನ ಬೆಳಕು ಹತ್ತಿದರೆ, 21/5 ವ್ಯಾಟಿನ ಜೋಡಿ ತಂತಿ ಬಲ್ಬಿನೊಳಗೆ ಒಂದು ತಂತಿ ತುಂಡಾಗಿ ಇನ್ನೊಂದಕ್ಕೆ ತಗುಲಿರುತ್ತದೆ. ಬಲ್ಬ್ ತೆಗೆದು ಬೆಳಕಿಗೆ ಹಿಡಿದರೆ ಕಾಣುತ್ತದೆ.

ಬಂದು ಹೋಗುವ ದೋಷ

ಎಲ್ಲಕ್ಕಿಂತ ಕಾಡುವುದು ಇದು. ಗ್ಯಾರೇಜಿಗೆ ಒಯ್ದಾಗ ಎಲ್ಲ ಸರಿಯಿರುತ್ತದೆ. ಒಂದು ಸಣ್ಣ ಪುಸ್ತಕ ಕಾರಿನಲ್ಲೇ ಇಡಿ. ದೋಷ ಕಂಡಾಗಲೆಲ್ಲ ನಾಲ್ಕು ವಿಷಯ ಬರೆಯಿರಿ: ಎಂಜಿನ್ ಬಿಸಿಯೋ ತಣ್ಣಗೋ, ಮಳೆಯೋ ಒಣಗೋ, ಗುಂಡಿ ಹಾರಿದಾಗಲೋ ತಿರುವಿನಲ್ಲೋ, ಯಾವ ಯಾವ ಸ್ವಿಚ್ ಆನ್ ಇತ್ತು. ಹತ್ತು ಸಲ ಬರೆದ ಮೇಲೆ ಓದಿದರೆ ನಮೂನೆ ತಾನೇ ಎದ್ದು ಬರುತ್ತದೆ.

ಮಳೆಯಲ್ಲಿ ಮಾತ್ರ ಬಂದರೆ ಮುಂದಿನ ಗಾಜಿನ ಕೆಳಗಿನ ನೀರು ಹೋಗುವ ಕಿಂಡಿಗಳಲ್ಲಿ ಎಲೆ ಕಟ್ಟಿದೆಯೇ, ಫ್ಯೂಸ್ ಪೆಟ್ಟಿಗೆಯೊಳಗೆ ನೀರಿನ ಕಲೆ ಇದೆಯೇ ನೋಡಿ. ಬಿಸಿಯಾದ ಮೇಲೆ ಬಂದರೆ ಅನುಮಾನದ ರಿಲೇಗೆ, ಸೆನ್ಸರಿಗೆ ಹೇರ್ ಡ್ರೈಯರಿನಿಂದ ಬಿಸಿ ಹಿಡಿದು ದೋಷವನ್ನು ಕರೆಸಿಕೊಳ್ಳಿ. ಕುಲುಕಿದಾಗ ಬಂದರೆ ಎಂಜಿನ್ ಓಡುತ್ತಿರಲಿ, ವೈರುಗಳ ಕಟ್ಟನ್ನು ಅಂಗೈ ಅಂತರದಲ್ಲಿ ಒಂದೊಂದೇ ಕಡೆ ಮೆಲ್ಲಗೆ ಅಲ್ಲಾಡಿಸುತ್ತಾ ಬನ್ನಿ, ಬೆಲ್ಟ್ ಮತ್ತು ಫ್ಯಾನಿನಿಂದ ದೂರ. ಕನೆಕ್ಟರ್ ಬಿಚ್ಚಿದಾಗ ಪಿನ್ನುಗಳ ಬಣ್ಣವಷ್ಟೇ ಅಲ್ಲ, ಹೆಣ್ಣು ಪಿನ್ನು ಅಗಲವಾಗಿದೆಯೇ ಎಂದೂ ನೋಡಿ. ಹಿಡಿತ ಹೋದ ಪಿನ್ನು ಎಷ್ಟು ಹೊಳೆದರೂ ಪ್ರಯೋಜನವಿಲ್ಲ.

ಕಡಿದ ವೈರ್ ಸಿಕ್ಕಿದರೆ ತಿರುಚಿ ಟೇಪ್ ಸುತ್ತಬೇಡಿ, ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಅದೇ ದಪ್ಪದ ವೈರ್ ತುಂಡು ಸೇರಿಸಿ, ಸರಿಯಾದ ಇಕ್ಕಳದಲ್ಲಿ ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಏರಿಸಿ ಬಿಸಿ ಕೊಡಿ. ಕಟ್ಟನ್ನು ಮೊದಲಿದ್ದ ಕ್ಲಿಪ್ಪಿಗೇ ಸಿಕ್ಕಿಸಿ, ಚೂಪು ಅಂಚಿಗೆ ತಾಗುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಮತ್ತೆ ಅದೇ ಎರಡು ತುದಿಗಳ ನಡುವೆ ಮೀಟರ್ ಇಟ್ಟು ವೋಲ್ಟ್ ಅಳೆಯಿರಿ. ಮೊದಲ ಅಂಕಿ, ಈಗಿನ ಅಂಕಿ ಎರಡನ್ನೂ ದಿನಾಂಕದ ಜೊತೆ ಆ ಪುಸ್ತಕದಲ್ಲಿ ಬರೆದಿಡಿ.